ಮೋಟಾರು ದೀಪದ ಅಂಟು

ಅಂಟುಗಳಲ್ಲಿ ಸ್ಥೂಲವಾಗಿ ಮೂರು ಬಗೆಗಳುಂಟು. ಮೈದಾ ಹಿಟ್ಟನ್ನು ಕುದಿಸಿ ಮಾಡಿದ ಸರಿ, ಲಕೋಟೆಗೆ ಹಚ್ಚುವ ಗೋಂದು ಮೊದಲಾದುವು ಒಂದು ಬಗೆ. ಇವುಗಳಲ್ಲಿರುವ ನೀರು ಆರಿದ ಮೇಲೆ ಕಾಗದವು ಕಾಗದವನ್ನು ಹಿಡಿದುಕೊಳ್ಳುತ್ತದೆ. ಎರಡು ಕೊಳವೆಗಳಿಂದ ಹಿಂಡಿ ಕಲಸಿದೊಡನೆ ತಮ್ಮೊಳಗೇ ರಾಸಾಯನಿಕ ಕ್ರಿಯೆ ನಡೆದು ಕಲ್ಲಿನಂತಾಗುವ ಅಂಟುಗಳು ಎರಡನೆಯ ಬಗೆ. ಮೂರನೆಯ ಬಗೆಯಲ್ಲಿ ಆರಬೇಕಾದ ನೀರೂ ಇಲ್ಲ, ಕಲಸಬೇಕಾದ ಜೋಡಿಯೂ ಇಲ್ಲ. ಕಾಯಿಸಿದರೆ ಅದು ಕರಗುತ್ತದೆ; ಕರಗಿರುವಾಗ ಹಚ್ಚಬೇಕು; ತಣಿದಾಗ ಅದು ಹಿಡಿದುಕೊಳ್ಳುತ್ತದೆ. ಕಾರ್ಖಾನೆಗಳಲ್ಲಿ ಇದಕ್ಕೆ ‘ಹಾಟ್ ಮೆಲ್ಟ್’ ಎಂದು ಹೆಸರು. ನಾವು ಈ ಲೇಖನದ ಮಟ್ಟಿಗೆ ಅದನ್ನು ಕರಗಂಟು ಎಂದು ಕರೆಯೋಣ. ಗೋಕಾಕದ ಕರದಂಟು ನೆನಪಿಗೆ ಬಂದರೆ ತಪ್ಪೇನೂ ಇಲ್ಲ. ಅಲ್ಲಿ ಅಂಟನ್ನು ಕರಿಯುತ್ತಾರೆ, ಇಲ್ಲಿ ಕರಗಿಸುತ್ತಾರೆ.

ಹೆಸರು ಹೊಸದಾದರೂ ವಿದ್ಯೆ ಹಳೆಯದು. ನಮ್ಮ ನಾಡಿನ ಮೊದಲ ಕರಗಂಟು ಅರಗು. ಮುತ್ತುಗ, ಎಲಚಿ, ಜಾಲಾರಿ ಮೊದಲಾದ ಮರಗಳ ಎಳೆಯ ರೆಂಬೆಗಳ ಮೇಲೆ ಗುಂಪುಗುಂಪಾಗಿ ನೆಲಸುವ ಒಂದು ಸಣ್ಣ ಕೀಟವು ತನ್ನ ಮೈಯಿಂದ ಸುರಿಸುವ ರಾಳವೇ ಅರಗು. ಚೂರಿಗೆ ಮರದ ಹಿಡಿ ಹಾಕುವವನು ಹಿಡಿಯ ತೂತಿನಲ್ಲಿ ಅರಗಿನ ಪುಡಿಯನ್ನು ತುಂಬಿ, ಚೂರಿಯ ಹಿಂಬದಿಯ ಮೊನೆಯನ್ನು ಕಾಯಿಸಿ ಅದರೊಳಗೆ ಒತ್ತುತ್ತಿದ್ದನು. ಅರಗು ಕರಗಿ ಸಂದುಗಳಲ್ಲೆಲ್ಲ ಹರಡಿ, ತಣಿದ ಮೇಲೆ ಹಿಡಿ ಅಲುಗುತ್ತಿರಲಿಲ್ಲ. ವರ್ಷಗಳು ಕಳೆದು ಹಿಡಿ ಸಡಿಲವಾದರೆ ಮತ್ತೆ ಕಾಯಿಸಿ ಮತ್ತೆ ಕೂರಿಸುವುದು. ಟೊಳ್ಳಾದ ಒಡವೆಗಳು ನೆಗ್ಗದಂತೆ ಅಕ್ಕಸಾಲಿಗರು ಒಳಗೆ ಅರಗು ತುಂಬುವುದುಂಟು. ಚನ್ನಪಟ್ಟಣದ ಚರಕಿಯ ಮೇಲೆ ತಿರುಗುವ ಹಾಲೆ ಮರದ ಬೊಂಬೆಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿದಾಗ, ಉಜ್ಜಾಟದಿಂದ ಹುಟ್ಟಿದ ಶಾಖಕ್ಕೇ ಅದು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಅಲ್ಲಿ ಒಲೆಯೂ ಬೇಕಿಲ್ಲ, ಕುಂಚವೂ ಬೇಕಿಲ್ಲ.

ಈ ಕೈಕಸಬನ್ನು ಕಾರ್ಖಾನೆಯ ಮಟ್ಟಕ್ಕೆ ತಂದದ್ದು ಮೈಸೂರು ಸಂಸ್ಥಾನ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೭ರಲ್ಲಿ, ಮೈಸೂರಿನಲ್ಲಿ ಮೈಸೂರು ಲ್ಯಾಕ್ ಅಂಡ್ ಪೈಂಟ್ ವರ್ಕ್ಸ್ ಸ್ಥಾಪಿತವಾಯಿತು. ಅರಗಿನಿಂದ ಬಣ್ಣ, ವಾರ್ನಿಷು, ಮೊಹರಿನ ಅರಗು ಮುಂತಾದುವನ್ನು ಮಾಡುವುದು ಅದರ ಕೆಲಸವಾಗಿತ್ತು. ೧೯೬೨ರ ಮಹಾ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಮಾಡಿ ದೇಶಕ್ಕೆಲ್ಲ ಹೆಸರಾದದ್ದು ಇದೇ ಕಾರ್ಖಾನೆ. ೧೯೮೯ರಲ್ಲಿ ಇದಕ್ಕೆ ಮೈಸೂರು ಪೈಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರು ಬಂದಿತು. ಶಾಯಿಯ ಕೀರ್ತಿಯ ಮುಂದೆ ಅರಗಿನ ಕಥೆ ಮರೆಯಾಗಿದೆ. ನಮ್ಮ ವಿಷಯಕ್ಕಾದರೋ ಅರಗೇ ಮುಖ್ಯ.

ಅರಗಿಗೆ ಎರಡು ದೋಷಗಳಿವೆ. ಸುಮಾರು ೭೦ ಡಿಗ್ರಿ ಶಾಖಕ್ಕೇ ಅದು ಮೆತ್ತಗಾಗುತ್ತದೆ, ಬೆಂಕಿ ತಗುಲಿದರೆ ಉರಿಯುತ್ತದೆ. ಪಾಂಡವರಿಗೆ ಅರಗಿನ ಮನೆಯನ್ನು ಕಟ್ಟಿಸಿದ ದುರ್ಯೋಧನನಿಗೆ ಇದು ಚೆನ್ನಾಗಿ ತಿಳಿದಿತ್ತು. ತಣ್ಣಗಿರುವಾಗಲಾದರೋ ಅದು ಪೆಡಸು, ಬಾಗಿಸಿದರೆ ಮುರಿಯುತ್ತದೆ. ಅಂಚೆಯ ಕಟ್ಟಿಗೆ ಹಾಕುವ ಮೊಹರಿಗೆ ಈ ಪೆಡಸುತನ ದೋಷವಲ್ಲ, ಗುಣ. ಯಾರಾದರೂ ಕಟ್ಟನ್ನು ಬಿಚ್ಚಿದ್ದರೆ ಮೊಹರು ಒಡೆದು ಸಾಕ್ಷಿ ಹೇಳಬೇಕಷ್ಟೆ. ಆದರೆ ಒಡೆಯಲೇಬಾರದ ಜಾಗದಲ್ಲಿ, ಕುದಿಯುವ ನೀರಿನಷ್ಟು ಕಾಯುವ ಜಾಗದಲ್ಲಿ, ಮಳೆಯಲ್ಲಿ ನೆನೆಯುವ ಜಾಗದಲ್ಲಿ ಇರಬೇಕಾದ ಕರಗಂಟು ಬೇರೆಯದೇ ಆಗಿರಬೇಕು. ಅಂಥ ಒಂದು ಜಾಗ ನಮ್ಮ ಕಣ್ಣೆದುರಿಗೇ ದಿನವೂ ಸಾವಿರಾರು ಸಲ ಹಾದುಹೋಗುತ್ತದೆ. ಅದು ಮೋಟಾರು ವಾಹನಗಳ ಮುಂದೀಪ.

ಬೆಂಗಳೂರಿನಿಂದ ತುಮಕೂರು ರಸ್ತೆಯಲ್ಲಿ ಹೊರಟರೆ, ಪೀಣ್ಯದ ಕಾರ್ಖಾನೆಗಳೂ ಮಾದಾವರವೂ ಹಿಂದೆ ಬಿದ್ದ ಮೇಲೆ, ನೆಲಮಂಗಲಕ್ಕೆ ಮೊದಲು ಮಾಕಳಿ ಸಿಕ್ಕುತ್ತದೆ. ದೊಡ್ಡಬಳ್ಳಾಪುರದ ಕಡೆಯ ಮಾಕಳಿದುರ್ಗ ಬೇರೆ, ಈ ಮಾಕಳಿ ಬೇರೆ. ೨೦೨೪ರ ನವೆಂಬರಿನಲ್ಲಿ ಮೆಟ್ರೊ ರೈಲು ಮಾದಾವರದವರೆಗೆ ಬಂದಿತು. ಅಲ್ಲಿಂದ ಆಚೆಗೆ ಹೆದ್ದಾರಿಯೇ ಗತಿ. ಸಂಜೆಯಾಯಿತೆಂದರೆ ಇಲ್ಲಿ ಲಾರಿ, ಬಸ್ಸು, ಕಾರು, ಪಾಳಿ ಮುಗಿಸಿ ಮನೆಗೆ ಹೊರಟವರ ಸ್ಕೂಟರು, ಎಲ್ಲವೂ ದೀಪ ಹೊತ್ತಿಸಿ ಸಾಲುಗಟ್ಟುತ್ತವೆ. ನೆಲಮಂಗಲದಲ್ಲಿ ದಾರಿ ಕವಲೊಡೆದು ಒಂದು ತುಮಕೂರಿನ ಕಡೆಗೂ ಇನ್ನೊಂದು ಹಾಸನದ ಮೇಲೆ ಮಂಗಳೂರಿನ ಕಡೆಗೂ ಹೋಗುತ್ತವೆ. ಮಾಕಳಿಯ ಒಣಗಾಳಿಯಲ್ಲಿ ದೀಪ ಹಚ್ಚಿಕೊಂಡು ಹೊರಟ ಲಾರಿಯೊಂದು ಆ ರಾತ್ರಿಯೇ ಶಿರಾಡಿ ಘಾಟಿಯ ಮಳೆಗೆ ಸಿಕ್ಕುತ್ತದೆ. ಕಾದ ದೀಪದ ಮೇಲೆ ತಣ್ಣನೆಯ ನೀರು ಹೊಡೆಯುತ್ತದೆ. ಆ ಘಳಿಗೆಯಲ್ಲಿ ದೀಪದೊಳಗೆ ಏನು ನಡೆಯುತ್ತದೆಂಬುದನ್ನು ತಿಳಿದರೆ ಅಂಟಿನ ಕಷ್ಟ ನಮಗೆ ಅರ್ಥವಾದೀತು.

ಹಿಂದಿನ ಕಾಲದ ಮೋಟಾರು ದೀಪದ ಮುಂಭಾಗ ಗಾಜು, ಹಿಂಭಾಗ ತಗಡು. ನಡುವೆ ಒಂದು ರಬ್ಬರಿನ ಪಟ್ಟಿ. ಅಮೆರಿಕದಲ್ಲಿ ೧೯೪೦ರ ಮಾದರಿಯ ಕಾರುಗಳಿಂದ, ಗಾಜನ್ನೇ ಬೆಸೆದು ಮುಚ್ಚಿದ ಇಡೀ ದೀಪಗಳು ರೂಢಿಗೆ ಬಂದವು. ಅವುಗಳಲ್ಲಿ ಅಂಟಿನ ಕೆಲಸವೇ ಇರಲಿಲ್ಲ. ಕೆಟ್ಟರೆ ದೀಪವನ್ನೇ ಬದಲಾಯಿಸುವುದು. ೧೯೮೦ರ ದಶಕದಿಂದೀಚೆಗೆ ಗಾಜಿನ ಸ್ಥಾನಕ್ಕೆ ಪ್ಲಾಸ್ಟಿಕ್ಕು ಬಂದಿತು. ಈಗಿನ ದೀಪದ ಮುಂದಿನ ತಿಳಿಯಾದ ಮುಚ್ಚಳ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಿನದು. ಕಲ್ಲು ಬಡಿದರೂ ಅದು ಗಾಜಿನಂತೆ ಚೂರಾಗುವುದಿಲ್ಲ. ಹಿಂದಿನ ಕರಿಯ ಡಬ್ಬಿ ಸಾಮಾನ್ಯವಾಗಿ ಪಾಲಿಪ್ರೊಪಿಲೀನಿನದು. ಅದು ಅಗ್ಗ, ಹಗುರ. ಡಬ್ಬಿಯ ಅಂಚಿನ ಸುತ್ತ ಒಂದು ಕಾಲುವೆಯಿರುತ್ತದೆ. ಮುಚ್ಚಳದ ಅಂಚು ನಾಲಗೆಯಂತೆ ಆ ಕಾಲುವೆಯೊಳಗೆ ಇಳಿಯುತ್ತದೆ. ಕಾಲುವೆಯಲ್ಲಿ ತುಂಬಿರುವುದೇ ನಮ್ಮ ಕರಗಂಟು.

ದೀಪ ಹೊತ್ತಿಸಿದಾಗ ಒಳಗಿನ ಗಾಳಿ ಕಾಯುತ್ತದೆ. ಅದು ೨೭ ಡಿಗ್ರಿಯಿಂದ ೮೭ ಡಿಗ್ರಿಗೆ ಏರಿತೆನ್ನೋಣ. ಭೌತಶಾಸ್ತ್ರದ ಲೆಕ್ಕದಲ್ಲಿ ಇವು ೩೦೦ ಮತ್ತು ೩೬೦ ನಿರಪೇಕ್ಷ ಡಿಗ್ರಿಗಳು. ಐದಕ್ಕೆ ಆರರ ಪ್ರಮಾಣ. ಡಬ್ಬಿಯನ್ನು ಒಂದಿಷ್ಟೂ ಸಂದಿಲ್ಲದಂತೆ ಮುಚ್ಚಿದ್ದರೆ ಒಳಗಿನ ಒತ್ತಡವೂ ಅದೇ ಪ್ರಮಾಣದಲ್ಲಿ ಏರಬೇಕು. ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ೨೦೦ ಗ್ರಾಂ ತೂಕದಷ್ಟು ಹೆಚ್ಚಿನ ಒತ್ತಡ. ಮುಚ್ಚಳದ ವಿಸ್ತಾರ ೪೦೦ ಚದರ ಸೆಂಟಿಮೀಟರು ಇದ್ದರೆ ಒಟ್ಟು ೮೦ ಕಿಲೋಗ್ರಾಂ ಭಾರ ಅದನ್ನು ಒಳಗಿನಿಂದ ಹೊರಕ್ಕೆ ತಳ್ಳುತ್ತದೆ. ಒಂದೂವರೆ ಸಿಮೆಂಟಿನ ಚೀಲಕ್ಕಿಂತ ಹೆಚ್ಚು! ಮಳೆ ಬಿದ್ದು ತಣಿದೊಡನೆ ಭಾರ ಮಾಯವಾಗುತ್ತದೆ. ದಿನವೂ ಇಂಥ ನೂಕಾಟ ನಡೆದರೆ ಯಾವ ಅಂಟು ತಾನೆ ತಾಳೀತು?

ಆದ್ದರಿಂದ ದೀಪವನ್ನು ಮಾಡುವವರು ಅದಕ್ಕೆ ಉಸಿರಾಡಲು ಬಿಡುತ್ತಾರೆ. ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಕಿಂಡಿಗಳಿರುತ್ತವೆ. ಅವುಗಳಿಗೆ ಡೊಂಕು ಕೊಳವೆಯನ್ನೋ, ಗಾಳಿಯನ್ನು ಬಿಟ್ಟು ನೀರಿನ ಹನಿಯನ್ನು ತಡೆಯುವ ತೆಳು ಪೊರೆಯನ್ನೋ ಜೋಡಿಸಿರುತ್ತಾರೆ. ಕಾದಾಗ ಗಾಳಿ ಹೊರಕ್ಕೆ, ತಣಿದಾಗ ಗಾಳಿ ಒಳಕ್ಕೆ. ಒಳಗೆ ಬರುವ ಗಾಳಿ ಈ ಕಿಂಡಿಯಿಂದಲೇ ಬರಬೇಕು ಎಂಬುದೇ ಇಲ್ಲಿನ ನಿಯಮ. ಅಂಟು ಎಲ್ಲಾದರೂ ಕೂದಲೆಳೆಯಷ್ಟು ಬಿಟ್ಟುಕೊಂಡಿದ್ದರೆ, ತಣಿಯುವ ದೀಪವು ಆ ಬಿರುಕಿನ ಮೇಲೆ ನಿಂತ ನೀರನ್ನು ಮಗು ಹಾಲು ಚೀಪುವಂತೆ ಒಳಕ್ಕೆ ಚೀಪಿಕೊಳ್ಳುತ್ತದೆ.

ಇಲ್ಲಿ ಓದುಗರಿಗೆ ಒಂದು ಉಪಯುಕ್ತ ಸೂಚನೆ. ಚಳಿಯ ಬೆಳಗ್ಗೆ ದೀಪದ ಒಳಮೈಯಲ್ಲಿ ತೆಳುವಾದ ಮಂಜು ಕಟ್ಟಿ, ಗಾಡಿ ಓಡಿದ ಸ್ವಲ್ಪ ಹೊತ್ತಿಗೆ ಮಾಯವಾದರೆ ಗಾಬರಿ ಬೇಡ. ಅದು ಉಸಿರಾಟದ ಆವಿ. ಈಗಿನ ಎಲ್‌ಇಡಿ ದೀಪಗಳ ಬೆಳಕಿನೊಡನೆ ಹಳೆಯ ಬಲ್ಬುಗಳಷ್ಟು ಶಾಖ ಮುಂದಕ್ಕೆ ಬರುವುದಿಲ್ಲವಾಗಿ, ಈ ಮಂಜು ಆರಲು ಕೊಂಚ ಹೆಚ್ಚು ಹೊತ್ತು ಹಿಡಿಯುತ್ತದೆ. ಆದರೆ ಹನಿಗಳು ಇಳಿದು ತಳದಲ್ಲಿ ನೀರು ನಿಂತಿದ್ದರೆ ಅದು ಅಂಟಿನ ಅಥವಾ ಕಿಂಡಿಯ ದೋಷ. ಆ ನೀರು ಬೆಳಕನ್ನು ಪ್ರತಿಫಲಿಸುವ ಅಲ್ಯೂಮಿನಿಯಮ್ಮಿನ ತೆಳು ಲೇಪವನ್ನು ತಿಂದುಹಾಕುತ್ತದೆ, ವಿದ್ಯುತ್ತಿನ ಜೋಡಣೆಗಳಿಗೆ ತುಕ್ಕು ಹಿಡಿಸುತ್ತದೆ. ಬೆಳಕು ಮಂಕಾಗುತ್ತದೆ. ರಾತ್ರಿ ರಸ್ತೆ ದಾಟುವ ಹಳ್ಳಿಯವನು ಚಾಲಕನ ಕಣ್ಣಿಗೆ ಬೀಳುವುದು ಆ ಬೆಳಕಿನಿಂದಲೇ ಎಂಬುದನ್ನು ನೆನೆದರೆ, ಕಾಲುವೆಯಲ್ಲಿ ಅಡಗಿ ಕೂತ ಅಂಟಿನ ಹೊಣೆ ಎಷ್ಟೆಂಬುದು ತಿಳಿಯುತ್ತದೆ.

ಇಂಥ ಅಂಟಿನ ಬೆನ್ನೆಲುಬಾಗಿ ಒದಗಿದ್ದು ಬ್ಯುಟೈಲ್ ರಬ್ಬರು. ಮೈಸೂರಿನಲ್ಲಿ ಅರಗಿನ ಕಾರ್ಖಾನೆ ಹುಟ್ಟಿದ ೧೯೩೭ನೆಯ ಇಸವಿಯಲ್ಲೇ ಅಮೆರಿಕದ ನ್ಯೂ ಜರ್ಸಿಯಲ್ಲಿ ವಿಲಿಯಂ ಸ್ಪಾರ್ಕ್ಸ್ ಮತ್ತು ರಾಬರ್ಟ್ ಥಾಮಸ್ ಎಂಬ ರಸಾಯನ ವಿಜ್ಞಾನಿಗಳು ಇದನ್ನು ಕಂಡುಹಿಡಿದರು. ಇದರ ಅಣುಗಳು ದಟ್ಟವಾಗಿ ಹೆಣೆದುಕೊಂಡಿರುವುದರಿಂದ ಗಾಳಿ, ನೀರಾವಿಗಳು ಇದರ ಮೂಲಕ ಬಹು ನಿಧಾನವಾಗಿ ಮಾತ್ರ ನುಸುಳಬಲ್ಲವು. ಲಾರಿಯ ಟೈರಿನೊಳಗಿನ ಟ್ಯೂಬನ್ನು ಇದರಿಂದ ಮಾಡುವುದು ಈ ಕಾರಣಕ್ಕಾಗಿಯೇ. ಸಾಮಾನ್ಯ ರಬ್ಬರು ಬಿಸಿಲು, ಓಜೋನುಗಳಿಗೆ ಸಿಕ್ಕಿ ಬಿರುಕು ಬಿಡುತ್ತದೆ. ಬ್ಯುಟೈಲಿನ ಅಣುವಿನಲ್ಲಿ ಅವು ಹಿಡಿದು ಕಡಿಯಬಹುದಾದ ದುರ್ಬಲ ತಾಣಗಳು ಅತ್ಯಲ್ಪ. ಕಡುಚಳಿಯಲ್ಲಿಯೂ ಅದು ಅರಗಿನಂತೆ ಪೆಡಸಾಗುವುದಿಲ್ಲ.

ಆದರೆ ಬರಿಯ ರಬ್ಬರು ಅಂಟಲ್ಲ. ಅದಕ್ಕೆ ಜಿಗುಟು ಕೊಡಲು ರಾಳ ಬೇಕು. ಕರಗಿದಾಗ ಸಲೀಸಾಗಿ ಹರಿಯಲು ಮತ್ತು ತಣಿದಾಗ ಮೆತ್ತಗಿರಲು ಎಣ್ಣೆಯಂಥ ದ್ರವ ಬೇಕು. ಮೈಗಟ್ಟು ಬರಲು ಸುಣ್ಣಕಲ್ಲಿನ ಪುಡಿಯೋ ಬಳಪದ ಕಲ್ಲಿನ ಪುಡಿಯೋ, ಕಪ್ಪು ಬಣ್ಣಕ್ಕೂ ಬಿಸಿಲಿನ ತಡೆಗೂ ಇದ್ದಿಲ ಕಾಡಿಗೆ, ಕಾಯಿಸುವಾಗ ಗಾಳಿಯ ಆಮ್ಲಜನಕದಿಂದ ಕೆಡದಿರಲು ಒಂದು ರಕ್ಷಕ ದ್ರವ್ಯ. ಇಷ್ಟು ಸೇರಿದರೆ ಕರಗಂಟಿನ ಪಾಕ. ಪೆಟ್ಟಿಗೆ ಅಂಟಿಸುವ ಅಗ್ಗದ ಕರಗಂಟುಗಳು ಬೇರೆ ಪ್ಲಾಸ್ಟಿಕ್ಕಿನಿಂದ ಮಾಡಿದವು. ದೀಪದ ಶಾಖಕ್ಕೆ ಅವು ಮೆತ್ತಗಾಗಿ ಇಳಿದುಬಿಡುತ್ತವೆ.

ಈ ಪಾಕದ ಗುಟ್ಟು ಪದಾರ್ಥಗಳಲ್ಲಿರುವುದಕ್ಕಿಂತ ಹೆಚ್ಚಾಗಿ ಅವನ್ನು ಹಾಕುವ ಸರದಿಯಲ್ಲಿದೆ. ರಾಗಿ ಮುದ್ದೆ ಮಾಡುವ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಿಟ್ಟು ಬೆಂದು ಬಿಗಿಯಾಗಿರುವಾಗ ಕೋಲನ್ನು ಬಲವಾಗಿ ತಿರುವಿದರೆ ಗಂಟುಗಳು ಒಡೆಯುತ್ತವೆ. ಮೊದಲೇ ಸಡಿಲವಾಗಿದ್ದರೆ ಕೋಲಿನ ಮುಂದೆ ಗಂಟು ತೇಲಿ ತಪ್ಪಿಸಿಕೊಳ್ಳುತ್ತದೆ. ಕಾರ್ಖಾನೆಯಲ್ಲಿಯೂ ಹಾಗೆಯೇ. ಎರಡು ಬಾಗಿದ ಉಕ್ಕಿನ ತೋಳುಗಳು ಎದುರುಬದುರಾಗಿ ತಿರುಗುವ ನಾದುವ ಯಂತ್ರದಲ್ಲಿ ಮೊದಲು ರಬ್ಬರನ್ನೂ ರಕ್ಷಕ ದ್ರವ್ಯವನ್ನೂ ಹಾಕಿ, ಪುಡಿ ಮತ್ತು ಕಾಡಿಗೆಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತಾರೆ. ಮುದ್ದೆ ಬಿಗಿಯಾಗಿರುವ ಈ ಹಂತದಲ್ಲೇ ಗಂಟುಗಳೆಲ್ಲ ಅರೆದುಹೋಗಬೇಕು. ಆಮೇಲೆ ರಾಳ, ಕೊನೆಗೆ ಎಣ್ಣೆ, ಅದೂ ಕಂತುಕಂತಾಗಿ. ಅವಸರದಿಂದ ಎಣ್ಣೆಯನ್ನು ಮೊದಲೇ ಸುರಿದರೆ ರಬ್ಬರು ತೋಳುಗಳ ನಡುವೆ ಜಾರತೊಡಗಿ, ಎಷ್ಟು ಹೊತ್ತು ನಾದಿದರೂ ಒಳಗೆ ಗಂಟು ಉಳಿಯುತ್ತದೆ. ಆ ಗಂಟು ಮುಂದೆ ದೀಪದ ಕಾರ್ಖಾನೆಯಲ್ಲಿ ಅಂಟು ಸುರಿಯುವ ಮೂತಿಗೆ ಸಿಕ್ಕಿಕೊಂಡು, ಕಾಲುವೆಯ ಒಂದು ಕಡೆ ಅಂಟೇ ಬೀಳದಂತೆ ಮಾಡುತ್ತದೆ. ನಾದುವಾಗ ಶಾಖ ಸುಮಾರು ೧೫೦ರಿಂದ ೧೮೦ ಡಿಗ್ರಿಯಷ್ಟಿರುತ್ತದೆ. ಮೀರಿದರೆ ರಬ್ಬರಿನ ಉದ್ದನೆಯ ಅಣುಗಳೇ ತುಂಡಾಗುತ್ತವೆ. ಕೊನೆಯಲ್ಲಿ ಯಂತ್ರದ ಮುಚ್ಚಳ ಹಾಕಿ ಒಳಗಿನ ಗಾಳಿಯನ್ನು ಹೀರಿ ತೆಗೆಯುತ್ತಾರೆ. ಇದರಿಂದ ಗಾಳಿಗುಳ್ಳೆಗಳೂ ತೇವವೂ ಹೊರಟುಹೋಗುತ್ತವೆ.

ಹೀಗೆ ಸಿದ್ಧವಾದ ಅಂಟನ್ನು ಪೀಪಾಯಿಗಳಲ್ಲಿ ತುಂಬಿ ದೀಪದ ಕಾರ್ಖಾನೆಗೆ ಕಳುಹುತ್ತಾರೆ. ಅಲ್ಲಿ ಕಾದ ತಟ್ಟೆಯೊಂದು ಪೀಪಾಯಿಯೊಳಗೆ ಮೇಲಿನಿಂದ ಒತ್ತುತ್ತ ಅಂಟನ್ನು ಕರಗಿಸುತ್ತದೆ. ಕರಗಿದ ಅಂಟು ಬಿಸಿ ಕೊಳವೆಯಲ್ಲಿ ಹರಿದು ಯಂತ್ರದ ತೋಳಿನ ತುದಿಗೆ ಬಂದು, ಸುಮಾರು ೧೮೦ರಿಂದ ೨೦೦ ಡಿಗ್ರಿ ಶಾಖದಲ್ಲಿ ಕಾಲುವೆಯ ಸುತ್ತ ಬೀಳುತ್ತದೆ. ಕೂಡಲೆ ಮುಚ್ಚಳವನ್ನು ಒತ್ತುತ್ತಾರೆ.

ಆದರೆ ಬಿದ್ದ ಮಾತ್ರಕ್ಕೆ ಅಂಟು ಹಿಡಿಯಿತೆಂದು ತಿಳಿಯಬಾರದು. ಕೆಸುವಿನ ಎಲೆಯ ಮೇಲೆ ನೀರಿನ ಹನಿ ಮುತ್ತಿನಂತೆ ಉರುಳುವುದನ್ನೂ, ಅದೇ ಹನಿ ಸ್ಲೇಟಿನ ಮೇಲೆ ಹರಡಿಕೊಳ್ಳುವುದನ್ನೂ ಎಲ್ಲರೂ ನೋಡಿದ್ದೇವೆ. ಹರಡಿಕೊಂಡಲ್ಲಿ ಮಾತ್ರ ಹಿಡಿತ. ಡಬ್ಬಿಯ ಪಾಲಿಪ್ರೊಪಿಲೀನಿನ ಮೈ ಮೇಣದಂಥದು. ಅದು ಕೆಸುವಿನ ಎಲೆಯ ಜಾತಿ. ಅದಕ್ಕಾಗಿ ಅಂಟು ಸುರಿಯುವ ಮೊದಲು ಕಾಲುವೆಯ ಮೇಲೆ ಒಂದು ಜ್ವಾಲೆಯನ್ನು, ಇಲ್ಲವೆ ವಿದ್ಯುತ್ತಿನಿಂದ ಚೇತನಗೊಂಡ ಅನಿಲದ ಧಾರೆಯನ್ನು, ಕ್ಷಣಮಾತ್ರ ಹಾಯಿಸುತ್ತಾರೆ. ಮೇಲ್ಮೈಗೆ ಆಮ್ಲಜನಕ ಸೇರಿ ಅದು ಸ್ಲೇಟಿನ ಸ್ವಭಾವವನ್ನು ಪಡೆಯುತ್ತದೆ. ಈ ಸಂಸ್ಕಾರ ಕಣ್ಣಿಗೆ ಕಾಣಿಸದು, ಬಹುಕಾಲ ನಿಲ್ಲುವುದೂ ಇಲ್ಲ. ಎಣ್ಣೆಗೈಯಿಂದ ಒಮ್ಮೆ ಸವರಿದರೂ ಕೆಟ್ಟಂತೆಯೇ. ನೀರು ನುಗ್ಗಿದ ದೀಪವನ್ನು ಬಿಚ್ಚಿ ನೋಡಿದಾಗ ಅಂಟು ತನ್ನ ಮೈಯಲ್ಲಿ ಹರಿಯದೆ ಡಬ್ಬಿಯಿಂದ ಸಿಪ್ಪೆಯಂತೆ ನಯವಾಗಿ ಸುಲಿದು ಬಂದಿದ್ದರೆ, ತಪ್ಪು ಅಂಟಿನದಲ್ಲದೆ ಈ ಸಂಸ್ಕಾರದ್ದಾಗಿರುವ ಸಂಭವವೇ ಹೆಚ್ಚು.

ಇನ್ನೊಂದು ಕಷ್ಟವುಂಟು. ಮುಚ್ಚಳ ಒಂದು ಪ್ಲಾಸ್ಟಿಕ್ಕು, ಡಬ್ಬಿ ಇನ್ನೊಂದು. ಕಾದಾಗ ಎರಡೂ ಹಿಗ್ಗುತ್ತವೆ, ಆದರೆ ಸಮನಾಗಿ ಅಲ್ಲ. ಒಂದು ಡಿಗ್ರಿಗೆ ಇವುಗಳ ಹಿಗ್ಗಿನ ವ್ಯತ್ಯಾಸ ಉದ್ದದ ಲಕ್ಷದಲ್ಲಿ ೪ ಭಾಗವೆಂದು ಇಟ್ಟುಕೊಳ್ಳೋಣ. ಅರ್ಧ ಮೀಟರು ಉದ್ದದ ದೀಪವು ೬೦ ಡಿಗ್ರಿ ಕಾದರೆ ಎರಡರ ನಡುವೆ ೧.೨ ಮಿಲಿಮೀಟರು ಅಂತರ ಬೀಳುತ್ತದೆ. ಕಲ್ಲಿನಂಥ ಅಂಟಾದರೆ ಇಲ್ಲಿ ಒಂದೋ ತಾನು ಬಿರಿಯಬೇಕು, ಇಲ್ಲವೆ ಮುಚ್ಚಳವನ್ನು ಬಿರಿಯಿಸಬೇಕು. ಮೆತ್ತನೆಯ ಅಂಟು ಇಬ್ಬರ ಜೊತೆಗೂ ಅಷ್ಟಷ್ಟು ಬಾಗಿ, ತಣಿದಾಗ ಹಿಂದಕ್ಕೆ ಬರುತ್ತದೆ. ಗಟ್ಟಿಯಾದದ್ದೇ ಬಾಳುತ್ತದೆಂಬ ನಮ್ಮ ಸಾಮಾನ್ಯ ಭಾವನೆಗೆ ಇದು ತಿದ್ದುಪಡಿ. ದೀಪದ ಅಂಟಿನ ಬಾಳಿಕೆ ಅದರ ಗಡಸಿನಲ್ಲಿಲ್ಲ, ಬಳುಕಿನಲ್ಲಿದೆ.

ಬಳುಕಿಗೂ ಒಂದು ಬೆಲೆಯುಂಟು. ಸದಾ ಭಾರ ಹೊರಿಸಿದರೆ ಬ್ಯುಟೈಲ್ ಅಂಟು ನಿಧಾನವಾಗಿ ಜರುಗುತ್ತದೆ. ಆದುದರಿಂದ ಅಂಥ ದೀಪಗಳಲ್ಲಿ ಮುಚ್ಚಳವನ್ನು ಹಿಡಿದಿಡಲು ಕೊಕ್ಕೆಗಳನ್ನೋ ತಿರುಪುಗಳನ್ನೋ ಇಟ್ಟು, ನೀರನ್ನು ತಡೆಯುವ ಕೆಲಸವನ್ನಷ್ಟೆ ಅಂಟಿಗೆ ಬಿಡುತ್ತಾರೆ. ಎರಡು ಕೆಲಸವನ್ನೂ ಅಂಟೇ ಮಾಡಬೇಕೆಂದರೆ ಇನ್ನೊಂದು ಜಾತಿಯಿದೆ, ಪಾಲಿಯುರೆಥೇನ್ ಕರಗಂಟು. ಇದು ಕರಗಿಸಿ ಹಚ್ಚುವಾಗ ಕರಗಂಟಿನಂತೆಯೇ ಇದ್ದು ತಣಿದಾಗ ಹಿಡಿಯುತ್ತದೆ. ಆಮೇಲೆ ಗಾಳಿಯಲ್ಲಿರುವ ತೇವವನ್ನು ಹೀರುತ್ತ, ಕೆಲವು ದಿನಗಳಲ್ಲಿ ತನ್ನ ಅಣುಗಳನ್ನೆಲ್ಲ ಒಂದಕ್ಕೊಂದು ಗಂಟುಹಾಕಿಕೊಂಡು, ಮತ್ತೆ ಎಷ್ಟು ಕಾಯಿಸಿದರೂ ಕರಗದ ರಬ್ಬರಿನಂತಾಗುತ್ತದೆ. ಇದನ್ನು ಮಾಡುವಾಗ ಪದಾರ್ಥಗಳೆಲ್ಲ ಚೆನ್ನಾಗಿ ಒಣಗಿರಬೇಕು. ತುಂಬುವ ಡಬ್ಬಿಗೆ ಗಾಳಿಯಾಡಬಾರದು. ಹಚ್ಚಿದ ಮೇಲಾದರೋ ತೇವ ಬೇಕೇ ಬೇಕು. ಬೆಂಗಳೂರಿನ ಮಾರ್ಚಿಯ ಒಣಹವೆಯಲ್ಲಿ ಅದು ತಡವಾಗಿಯೂ ಮಳೆಗಾಲದಲ್ಲಿ ಬೇಗನೆಯೂ ಮಾಗುತ್ತದೆ. ಹವೆಯ ತೇವವನ್ನು ಅಳೆಯದೆ ಎಲ್ಲ ತಿಂಗಳೂ ಒಂದೇ ಗಡುವು ಇಟ್ಟರೆ ಅರೆಮಾಗಿದ ದೀಪಗಳು ಹೊರಗೆ ಹೋಗುವ ಅಪಾಯವಿದೆ.

ಅಂಟು ಬಾಳಿಕೆಯದೋ ಅಲ್ಲವೋ ಎಂಬುದನ್ನು ಹತ್ತು ವರ್ಷ ಕಾದು ನೋಡುವಂತಿಲ್ಲ, ಪರೀಕ್ಷೆಗಳಿಂದ ತಿಳಿಯಬೇಕು. ಹಿತ್ತಾಳೆಯ ಬಳೆಯೊಂದರಲ್ಲಿ ಅಂಟನ್ನು ತುಂಬಿ, ಮೇಲೆ ಮೂರೂವರೆ ಗ್ರಾಂ ತೂಕದ ಉಕ್ಕಿನ ಗುಂಡನ್ನಿಟ್ಟು, ದ್ರವದಲ್ಲಿ ಮುಳುಗಿಸಿ ನಿಮಿಷಕ್ಕೆ ೫ ಡಿಗ್ರಿಯಂತೆ ಕಾಯಿಸುತ್ತಾರೆ. ಗುಂಡು ಅಂಟನ್ನು ಜಗ್ಗಿಕೊಂಡು ೨೫ ಮಿಲಿಮೀಟರು ಕೆಳಗಿಳಿದಾಗಿನ ಶಾಖವೇ ಆ ಅಂಟು ಮೆತ್ತಗಾಗುವ ಬಿಂದು. ಅಂಟಿಸಿದ ತುಂಡುಗಳನ್ನು ಒಲೆಯಲ್ಲಿ ವಾರಗಟ್ಟಲೆ ಇಟ್ಟು, ಶೀತಪೆಟ್ಟಿಗೆಯಲ್ಲಿಟ್ಟು, ಬಿಸಿನೀರಿನಲ್ಲಿ ನೆನೆಸಿ, ಮತ್ತೆ ಮತ್ತೆ ಬಿಸಿಯಿಂದ ತಣ್ಣಗೆ ಹೊರಳಿಸಿ, ಆಮೇಲೆ ಎಳೆದು ಹರಿಯುವ ಬಲವನ್ನು ಅಳೆಯುತ್ತಾರೆ. ಸಿದ್ಧವಾದ ದೀಪದೊಳಗೆ ಸ್ವಲ್ಪ ಗಾಳಿ ತುಂಬಿ ಒತ್ತಡ ಇಳಿಯುವುದೇ ಎಂದು ನೋಡುತ್ತಾರೆ; ಪಂಕ್ಚರು ಹಾಕುವವನು ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಹುಡುಕುವಂತೆಯೇ ಇದು.

ಇವೆಲ್ಲಕ್ಕಿಂತ ಸ್ವಾರಸ್ಯವಾದ ಪರೀಕ್ಷೆ ಮಬ್ಬಿನದು. ಅಂಟಿನಲ್ಲಿರುವ ಎಣ್ಣೆ, ರಾಳಗಳ ಹಗುರ ಅಂಶ ದೀಪದ ಶಾಖಕ್ಕೆ ಆವಿಯಾಗಿ ತಣ್ಣನೆಯ ಮುಚ್ಚಳದ ಒಳಮೈಗೆ ಹತ್ತಿಕೊಳ್ಳಬಹುದು. ಹೊರಗಿನ ನೀರನ್ನು ತಡೆಯಲೆಂದು ಬಂದ ಅಂಟು ತಾನೇ ಬೆಳಕಿಗೆ ಪರದೆಯಾಗಬಾರದಲ್ಲವೆ? ಅದಕ್ಕಾಗಿ ಅಂಟನ್ನು ಪಾತ್ರೆಯಲ್ಲಿ ಕಾಯಿಸಿ, ಮೇಲೆ ತಣ್ಣನೆಯ ಗಾಜನ್ನಿಟ್ಟು, ಗಾಜು ಎಷ್ಟು ಮಬ್ಬಾಯಿತೆಂದು ಅಳೆಯುತ್ತಾರೆ. ಅಗ್ಗದ ಎಣ್ಣೆ ಬೆರೆಸಿದವನ ಗುಟ್ಟು ಇಲ್ಲಿ ಬಯಲಾಗುತ್ತದೆ.

ಅಂಟಿನ ಗುಣದೋಷಗಳನ್ನು ಹೇಳಿ, ಅದರ ಬಳಿ ನಿಂತು ದುಡಿಯುವವರ ಮಾತನ್ನು ಬಿಡುವುದು ಸರಿಯಲ್ಲ. ತುಮಕೂರು ರಸ್ತೆಯ ಈ ಸಾಲಿನಲ್ಲಿ ನಮ್ಮಲ್ಲನೇಕರ ಅಣ್ಣಂದಿರು, ಅಕ್ಕಂದಿರು ಕಾರ್ಖಾನೆಗಳಲ್ಲಿದ್ದಾರೆ. ನೂರೆಂಬತ್ತು ಡಿಗ್ರಿಯ ಅಂಟು ಕೈಮೇಲೆ ಬಿದ್ದರೆ ಕುದಿಯುವ ನೀರಿನಂತೆ ಜಾರಿಹೋಗುವುದಿಲ್ಲ. ಅಲ್ಲೇ ಕಚ್ಚಿಕೊಂಡು ಸುಡುತ್ತಲೇ ಇರುತ್ತದೆ. ಅದನ್ನು ಕಿತ್ತು ತೆಗೆಯಹೋದರೆ ಚರ್ಮವೂ ಜೊತೆಗೆ ಬರುತ್ತದೆ. ಕೂಡಲೆ ಕೈಯನ್ನು ಹರಿಯುವ ತಣ್ಣೀರಿನಲ್ಲಿ ಬಹಳ ಹೊತ್ತು ಹಿಡಿದು, ಅಂಟನ್ನು ಹಾಗೆಯೇ ಬಿಟ್ಟು, ವೈದ್ಯರ ಬಳಿ ಹೋಗತಕ್ಕದ್ದು. ಪಾಲಿಯುರೆಥೇನ್ ಜಾತಿಯಲ್ಲಿ ಇನ್ನೊಂದು ಅಪಾಯವಿದೆ. ಅದರಲ್ಲಿರುವ ಐಸೊಸಯನೇಟ್ ಎಂಬ ದ್ರವ್ಯದ ಆವಿಯನ್ನು ಪದೇಪದೇ ಉಸಿರಾಡಿದವರಲ್ಲಿ ಕೆಲವರಿಗೆ ಉಬ್ಬಸ ಹತ್ತುತ್ತದೆ. ಒಮ್ಮೆ ಹತ್ತಿತೆಂದರೆ ಆಮೇಲೆ ಆ ಆವಿಯ ಲವಲೇಶವೂ ಅವರಿಗೆ ಒಗ್ಗುವುದಿಲ್ಲ. ಆ ಕೆಲಸವನ್ನೇ ಬಿಡಬೇಕಾಗುತ್ತದೆ. ಆವಿಯನ್ನು ಹುಟ್ಟಿದ ಕಡೆಯಲ್ಲೇ ಹೀರಿ ಹೊರಗೆ ಕಳಿಸುವ ಕೊಳವೆ, ಕೈಗವಸು, ಕನ್ನಡಕ, ಇವು ಇಲ್ಲಿ ಅಲಂಕಾರಗಳಲ್ಲ. ಪೀಪಾಯಿಯ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಅದನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸುವುದು ಯಾರಾದರೂ ಮಾಡಬಹುದಾದ ಉಪಕಾರ. ಕಲಾ ವಿಭಾಗದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಪ್ರಯೋಜನಕರವಾದ ಭಾಷಾಂತರದ ಅಭ್ಯಾಸ ಇನ್ನಾವುದಿದ್ದೀತು?

ಕೊನೆಯದಾಗಿ ಬಾಳಿಕೆಯೆಂದರೇನು ಎಂಬ ಪ್ರಶ್ನೆ. ಒಂದು ದೀಪದ ಮುಚ್ಚಳ ಕಲ್ಲೇಟಿಗೆ ಸೀಳಿತೆನ್ನೋಣ. ಡಬ್ಬಿ, ಪ್ರತಿಫಲಕ, ದೀಪ ಎಲ್ಲವೂ ಸರಿಯಾಗಿವೆ. ಬ್ಯುಟೈಲ್ ಅಂಟಿನ ದೀಪವಾದರೆ, ಅನುಭವಸ್ಥ ಕೆಲಸಗಾರನು ಅದನ್ನು ಹದವಾಗಿ ಕಾಯಿಸಿ, ಅಂಟು ಮೆತ್ತಗಾದಾಗ ಮುಚ್ಚಳವನ್ನು ಬಿಡಿಸಿ, ಬೇರೆ ಮುಚ್ಚಳ ದೊರೆತರೆ ಹೊಸ ಅಂಟು ಹಾಕಿ ಮತ್ತೆ ಕೂರಿಸಬಲ್ಲನು. ಹೀಗೆ ಮಾಡುವಾಗ ಪೆಟ್ರೋಲು, ಥಿನ್ನರುಗಳಿಂದ ಮುಚ್ಚಳವನ್ನು ಒರೆಸಬಾರದು. ಅವು ಪಾಲಿಕಾರ್ಬೊನೇಟಿನಲ್ಲಿ ಸಣ್ಣ ಬಿರುಕುಗಳನ್ನು ಎಬ್ಬಿಸುತ್ತವೆ. ಪಾಲಿಯುರೆಥೇನ್ ಅಂಟಿನ ದೀಪವಾದರೆ ಕಾಯಿಸಿ ಪ್ರಯೋಜನವಿಲ್ಲ, ಕೊಯ್ಯಬೇಕು. ಸಾಮಾನ್ಯವಾಗಿ ಇಡೀ ದೀಪವನ್ನೇ ಎಸೆದು ಹೊಸದನ್ನು ಕೊಳ್ಳಬೇಕಾಗುತ್ತದೆ. ಸ್ವಂತ ಗಾಡಿ ಓಡಿಸಿ ಬದುಕುವ ಚಾಲಕನಿಗೆ ಇದು ಸಣ್ಣ ಖರ್ಚಲ್ಲ. ದುಡ್ಡು ಹೊಂದುವವರೆಗೆ ಅವನು ಸೀಳಿದ ದೀಪದಲ್ಲೇ ರಾತ್ರಿ ಗಾಡಿ ಓಡಿಸುತ್ತಾನೆ. ಅದರ ಅಪಾಯ ಅವನೊಬ್ಬನದೇ ಅಲ್ಲ.

ಮಾಗಿದ ಮೇಲೆ ಬಿಡದ ಅಂಟಿನಿಂದ ಅನುಕೂಲವಿಲ್ಲವೆಂದಲ್ಲ. ಕೊಕ್ಕೆ, ತಿರುಪು ಬೇಕಿಲ್ಲ, ದೀಪ ಹಗುರವಾಗುತ್ತದೆ, ಹೆಚ್ಚಿನ ಶಾಖದಲ್ಲಿಯೂ ಅಂಟು ಜರುಗುವುದಿಲ್ಲ. ಕಾರ್ಖಾನೆಯ ಲೆಕ್ಕದಲ್ಲಿ ಅದು ಹೆಚ್ಚು ಬಾಳಿಕೆಯದು. ಆದರೆ ಅಂಟಿನ ಬಾಳಿಕೆ ಬೇರೆ, ದೀಪದ ಬಾಳಿಕೆ ಬೇರೆ. ಅಂಟು ಅಳಿಯದೆ ಉಳಿದು, ಅದರಿಂದಾಗಿಯೇ ದೀಪ ಕಸದ ರಾಶಿಗೆ ಬಿದ್ದರೆ ಆ ಬಾಳಿಕೆಯಿಂದ ಬಂದ ಭಾಗ್ಯವೇನು? ಚೂರಿಯ ಹಿಡಿಗೆ ಅರಗು ಹಾಕಿದವನ ಮಟ್ಟಿಗೆ ಒಳ್ಳೆಯ ಅಂಟಿಗೆ ಎರಡು ಲಕ್ಷಣಗಳಿದ್ದವು. ಬೇಕಾದಷ್ಟು ದಿನ ಹಿಡಿದಿರಬೇಕು. ಬೇಕೆಂದ ದಿನ, ತಿಳಿದವನ ಕೈಯಲ್ಲಿ, ಬಿಡಬೇಕು. ಶಾಖವನ್ನೂ ಮಳೆಯನ್ನೂ ತಾಳಿ, ರಿಪೇರಿಗೂ ಒಗ್ಗುವ ಅಂಟನ್ನು ಮಾಡುವುದು ರಸಾಯನಶಾಸ್ತ್ರಕ್ಕೆ ಅಸಾಧ್ಯವೇನಲ್ಲ. ಅದನ್ನು ಕೇಳಿ ಪಡೆಯುವ ಗಿರಾಕಿಗಳೂ, ಕೇಳುವುದಕ್ಕೆ ಬೇಕಾದ ತಿಳುವಳಿಕೆಯೂ ನಮ್ಮಲ್ಲಿ ಬೆಳೆಯಬೇಕಾಗಿದೆ.